ಏಳು ಕೋಳಿ, ಒಂದು ಗೂಡು, ಕೊರೆಯುವ ಚಳಿ: ನಮ್ಮ ಮೊದಲ ಚಳಿಗಾಲ

ನಿನ್ನೆ ಬೆಳಿಗ್ಗೆ ನಮ್ಮ ಹೇಂಟೆ ಬೆಳ್ಳಿ ಒಂದು ಮೊಟ್ಟೆ ಇಟ್ಟಳು. ಎರಡೂವರೆ ತಿಂಗಳ ನಂತರ ಅವಳ ಮೊದಲ ಮೊಟ್ಟೆ. ಕೈಗೆ ತೆಗೆದುಕೊಂಡಾಗ ಇನ್ನೂ ಬಿಸಿಯಿತ್ತು. ಗೂಡಿನ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಕೋಳಿಗಳು ಒದ್ದೆ ಮಣ್ಣು ಕೆದಕುತ್ತಿದ್ದವು. ಚಳಿಗಾಲ ಮುಗಿಯಿತು ಅಂತ ನನಗೆ ನಂಬಿಕೆ ಬಂದದ್ದು ಆಗಲೇ.

ಕೋಳಿ ಸಾಕಲು ಶುರು ಮಾಡಿದ ಮೇಲೆ ಇದು ನನ್ನ ಮೊದಲ ಚಳಿಗಾಲ. ಆರು ಹೇಂಟೆ, ಒಂದು ಹುಂಜ. ಬೆಳ್ಳಿ ಬಿಳಿ ಲೆಗ್‌ಹಾರ್ನ್ ತಳಿಯವಳು. ಕೆಂಪಿ ಮತ್ತು ಅವಳ ತಂಗಿ ರೋಡ್ ಐಲೆಂಡ್ ರೆಡ್. ಚುಕ್ಕಿ ಮತ್ತು ಇನ್ನೊಬ್ಬಳು ವಯಾಂಡಾಟ್. ರಾಣಿ ಬ್ರಹ್ಮ ತಳಿ, ಕಾಲಿನ ತುಂಬ ಪುಕ್ಕ ಇರುವವಳು. ಹುಂಜ ಸರದಾರ, ಅವನೂ ಲೆಗ್‌ಹಾರ್ನ್. ಏಳೂ ಬದುಕಿವೆ. ಆದರೆ ನಾನು ಮಾಡಿದ ಒಂದು ತಪ್ಪಿಗೆ ಸರದಾರ ತುಂಬ ನೋವು ತಿಂದ. ನೀರು ಗಟ್ಟಿಯಾಗುವಷ್ಟು ಚಳಿ ಬೀಳುವ ಕಡೆ ಮೊದಲ ಸಲ ಕೋಳಿ ಸಾಕುತ್ತಿರುವವರು ಆ ತಪ್ಪು ಮಾಡದಿರಲಿ ಅಂತ ಎಲ್ಲವನ್ನೂ ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಎಲೆ ಉದುರುವ ಕಾಲಕ್ಕೆ ನನಗೆ ಭಯ ಶುರುವಾಗಿತ್ತು. ರಾತ್ರಿ ಹೊದಿಕೆಯೊಳಗೆ ಮಲಗಿದಾಗಲೂ ಗೂಡಿನ ಯೋಚನೆಯೇ. ಅದೇ ಹೊತ್ತಿಗೆ ಕೆಂಪಿ ಪುಕ್ಕ ಉದುರಿಸತೊಡಗಿದಳು. ಕುತ್ತಿಗೆ, ಬೆನ್ನು ಎಲ್ಲಾ ಬೋಳು. ರೋಗ ಬಂತೇನೋ ಅಂತ ಎದೆ ಧಸಕ್ಕೆಂದಿತು. ಅದು ರೋಗವಲ್ಲ. ಹಗಲು ಚಿಕ್ಕದಾಗುತ್ತಾ ಬಂದಂತೆ ಕೋಳಿಗಳು ಹಳೆಯ ಪುಕ್ಕ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತವೆ. ಚಳಿಗೆ ಅವು ಹೊಲಿಸಿಕೊಳ್ಳುವ ಹೊಸ ಅಂಗಿ ಅದು. ಪುಕ್ಕದಲ್ಲಿ ಶೇ 80ಕ್ಕೂ ಜಾಸ್ತಿ ಇರುವುದು ಪ್ರೋಟೀನ್. ಹಾಗಾಗಿ ಆ ಕೆಲವು ವಾರ ಮಾಮೂಲಿ ಶೇ 16 ಪ್ರೋಟೀನಿನ ಮೇವಿನ ಬದಲು ಶೇ 20ರದ್ದು ಹಾಕಿದೆ. ಹೊಸ ಪುಕ್ಕದ ಮೊಳಕೆ ಮುಟ್ಟಿದರೆ ಅವುಗಳಿಗೆ ನೋವಾಗುತ್ತದೆ, ಆಗ ಎತ್ತಿ ಮುದ್ದು ಮಾಡಬೇಡಿ. ಗಟ್ಟಿ ಚಳಿ ಬರುವಷ್ಟರಲ್ಲಿ ಕೆಂಪಿಯ ಮೈ ತುಂಬಿಕೊಂಡಿತು. ತಡವಾಗಿ ಪುಕ್ಕ ಉದುರಿಸುವ ಕೋಳಿಯ ಮೇಲೆ ಮಾತ್ರ ಜಾಸ್ತಿ ಕಣ್ಣಿಡಬೇಕು.

ಇನ್ನೊಂದು ಆಲೋಚನೆ ಗೂಡಿಗೆ ತಾಗಿಸಿ ಮಾಡು ಇರುವ ಅಂಗಳ ಮಾಡುವುದು. ಹಿಮ ಬಿದ್ದ ದಿನವೂ ಅವು ಕಾಲು ಆಡಿಸಲು ಒಣ ಜಾಗ ಬೇಕಲ್ವಾ. ನಾನಿರುವ ಕಡೆ ಹಿತ್ತಲಲ್ಲಿ ಹೊಸ ಕಟ್ಟಡ ಏಳಬೇಕಾದರೆ ಅನುಮತಿ ಬೇಕು, ಚಪ್ಪರವೂ ಲೆಕ್ಕಕ್ಕೆ ಬರುತ್ತದೆ. ಕೈಯಲ್ಲಿ ಬರೆದ ನಕ್ಷೆ, ಬೇಲಿಯಿಂದ ಎಷ್ಟು ದೂರ ಎಂಬ ಅಳತೆ, ಎಷ್ಟು ಕೋಳಿ, ಹುಂಜ ಇದೆಯೋ ಇಲ್ಲವೋ, ಪಕ್ಕದ ಮನೆಯವರ ಒಪ್ಪಿಗೆ ಪತ್ರ. ಇಷ್ಟು ಕೊಟ್ಟೆ. ಅಳತೆ ಒಂದು ಕಡೆ ಬಿಟ್ಟುಹೋಗಿತ್ತು ಅಂತ ವಾಪಸ್ ಬಂತು. ಮತ್ತೆ ಕೊಟ್ಟು ಕಾದೆ. ಒಟ್ಟು ಐದು ವಾರ ಹಿಡಿಯಿತು. ಅನುಮತಿ ಕೈಗೆ ಬಂದಾಗ ಮೊದಲ ಹಿಮ ಬಿದ್ದಾಗಿತ್ತು, ನೆಲ ಕಲ್ಲಾಗಿ ಕಂಬಕ್ಕೆ ಗುಂಡಿ ತೋಡಲು ಆಗಲಿಲ್ಲ. ಕೊನೆಗೆ ಭಾರದ ಸಿಮೆಂಟ್ ಬ್ಲಾಕ್‌ಗಳಿಗೆ ಕಂಬ ಕೂರಿಸಿ ಚಪ್ಪರ ನಿಲ್ಲಿಸಿದೆವು. ನೀವು ಹೀಗೇನಾದರೂ ಕಟ್ಟುವುದಿದ್ದರೆ ಬೇಸಿಗೆಯಲ್ಲೇ ನಿಮ್ಮ ಕಡೆಯ ನಿಯಮ ಕೇಳಿಕೊಂಡು ಅರ್ಜಿ ಹಾಕಿ. ಮಣ್ಣು ಮೆತ್ತಗಿರುವಾಗ ಗುಂಡಿ ತೋಡಿಬಿಡಿ.

ಅನುಮತಿಗೆ ಕಾಯುತ್ತಿದ್ದಾಗಲೇ ನಾನು ಆ ದೊಡ್ಡ ತಪ್ಪು ಮಾಡಿದ್ದು.

ನನಗೆ ಚಳಿಯಾದರೆ ಕಿಟಕಿ ಮುಚ್ಚುತ್ತೇನೆ, ಹೀಟರ್ ಹಾಕುತ್ತೇನೆ. ಕೋಳಿಗೂ ಅದೇ ಮಾಡಿದೆ. ಗೂಡಿನ ಸಂದುಗೊಂದು ಎಲ್ಲಾ ಫೋಮ್ ತುಂಬಿ ಮುಚ್ಚಿದೆ. ಸೂರಿನ ಕೆಳಗೆ ಗಾಳಿಗೆ ಬಿಟ್ಟಿದ್ದ ಕಿಂಡಿಗಳಿಗೆ ಹಲಗೆ ಹೊಡೆದೆ. ಹೊರಗಿನಿಂದ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಟಾರ್ಪಾಲು ಕಟ್ಟಿದೆ. ಒಳಗೆ ಸರಪಳಿಗೆ 250 ವ್ಯಾಟಿನ ಕೆಂಪು ಶಾಖದ ಬಲ್ಬ್ ತೂಗುಹಾಕಿದೆ. ಅವತ್ತು ರಾತ್ರಿ ನೆಮ್ಮದಿಯಿಂದ ಮಲಗಿದೆ. ಇಷ್ಟಕ್ಕೂ ಖರ್ಚು ಮಾಡಿದ್ದು ಇಡೀ ಚಳಿಗಾಲದಲ್ಲೇ ನನ್ನ ದೊಡ್ಡ ಖರ್ಚು. ಅದರಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

ಬಲ್ಬ್ ಹೋದದ್ದು ಮೊದಲು. ಐದನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಸುಟ್ಟ ವಾಸನೆ. ರಾತ್ರಿ ಯಾವುದೋ ಕೋಳಿ ಕೋಲಿನಿಂದ ಹಾರಿ ಇಳಿಯುವಾಗ ಬಲ್ಬಿಗೆ ರೆಕ್ಕೆ ಬಡಿದಿರಬೇಕು. ಸರಪಳಿಯ ಒಂದು ಕೊಕ್ಕೆ ಬಿಚ್ಚಿ ಬಲ್ಬ್ ಓರೆಯಾಗಿ ನೇತಾಡುತ್ತಿತ್ತು. ಅದರ ಕೆಳಗೆ ಅಂಗೈ ಅಗಲದ ಮರದ ಹೊಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ಗೇಣು ಕೆಳಗೆ ಬಂದಿದ್ದರೆ ಏನಾಗುತ್ತಿತ್ತು ಅಂತ ಈಗ ನೆನೆದರೂ ಮೈ ನಡುಗುತ್ತದೆ. ಒಣ ಹೊಟ್ಟು, ಧೂಳು, ಪುಕ್ಕ, ಮರದ ಗೋಡೆ, ಚಿಲಕ ಹಾಕಿದ ಬಾಗಿಲು. ಅವತ್ತೇ ಬಲ್ಬ್ ಬಿಚ್ಚಿ ತಂದೆ. ದಯವಿಟ್ಟು ಗೂಡಿನಲ್ಲಿ ಈ ಶಾಖದ ಬಲ್ಬ್ ಹಾಕಬೇಡಿ. ಮರಿಗಳ ಮಾತು ಬೇರೆ. ಮೊಟ್ಟೆಯೊಡೆದು ಬಂದ ಮೊದಲ ವಾರ ಅವುಗಳಿಗೆ ಸುಮಾರು 35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಅವುಗಳಿಗೂ ಈಗ ಬಲ್ಬಿಗಿಂತ ಕ್ಷೇಮವಾದ ಕಾವಿನ ಪ್ಲೇಟ್‌ಗಳಿವೆ. ಪುಕ್ಕ ತುಂಬಿದ ದೊಡ್ಡ ಕೋಳಿಗೆ ಅದು ಬೇಡ.

ಬಲ್ಬ್ ತೆಗೆದೆ, ಆದರೆ ಕಿಂಡಿಗಳು ಮುಚ್ಚಿಯೇ ಇದ್ದವು. ಒಂದು ವಾರ ಕಳೆಯಿತು. ಬೆಳಿಗ್ಗೆ ಕಿಟಕಿಯ ಗಾಜಿನ ಒಳಬದಿಯಲ್ಲಿ ಹಿಮದ ಹರಳು ಕಟ್ಟಿರುತ್ತಿತ್ತು. ಗೋಡೆ ಮುಟ್ಟಿದರೆ ಒದ್ದೆ. ಹೊರಗೆ ಅಷ್ಟು ಚಳಿ, ಹಾಗಾಗಿ ಇದು ಸಹಜ ಅಂದುಕೊಂಡೆ. ಆಮೇಲೆ ಒಂದು ಮುಂಜಾನೆ, ಹೊರಗೆ ಮೈನಸ್ 12 ಡಿಗ್ರಿ ಇದ್ದ ದಿನ, ಸರದಾರನ ಜುಟ್ಟಿನ ತುದಿಗಳು ಬೆಳ್ಳಗೆ ಬೂದು ಬಳಿದಂತೆ ಕಂಡವು. ಸಂಜೆಗೆ ಊದಿಕೊಂಡವು. ಮಾರನೆಯ ದಿನಕ್ಕೆ ಕಪ್ಪಾದವು. ಅವನು ಕೂಗುವುದನ್ನೇ ನಿಲ್ಲಿಸಿದ. ಮೂಲೆಯಲ್ಲಿ ತಲೆ ತಗ್ಗಿಸಿ ನಿಂತುಬಿಟ್ಟ.

ಪಕ್ಕದ ಮನೆಯ ಹಿರಿಯರು ನಲವತ್ತು ವರ್ಷದಿಂದ ಕೋಳಿ ಸಾಕಿದವರು. ನಾನು ಅವರನ್ನು ದೊಡ್ಡಪ್ಪ ಅಂತಲೇ ಕರೆಯುವುದು. ಓಡಿಹೋಗಿ ಕರೆದುಕೊಂಡು ಬಂದೆ. ಅವರು ಸರದಾರನನ್ನು ಆಮೇಲೆ ನೋಡಿದರು. ಮೊದಲು ಗೂಡಿನ ಒಳಗೆ ಬಗ್ಗಿದರು.

"ಬಾಮ್ಮ ಇಲ್ಲಿ. ಕೋಳಿ ಕೂರುವ ಎತ್ತರಕ್ಕೆ ಮುಖ ಇಟ್ಟು ಉಸಿರು ಎಳಿ" ಅಂದರು.

ಎಳೆದೆ. ಮೂಗಿಗೆ ಘಾಟು ಹೊಡೆಯಿತು. "ಕಣ್ಣು ಉರಿಯುತ್ತೆ ದೊಡ್ಡಪ್ಪ."

"ನಿನಗೆ ಒಂದೇ ನಿಮಿಷಕ್ಕೆ ಉರಿ ಬಂತು. ಇವು ರಾತ್ರಿ ಹದಿನಾಲ್ಕು ಗಂಟೆ ಇದೇ ಗಾಳಿ ಉಸಿರಾಡ್ತವೆ. ಇದನ್ನ ಯಾಕಮ್ಮ ಇಷ್ಟು ಬಿಗಿಯಾಗಿ ಮುಚ್ಚಿದೆ?"

"ಚಳಿ ಆಗಬಾರದು ಅಂತ."

"ಅವುಗಳಿಗೆ ಚಳಿ ತಡೆಯೋಕೆ ಮೈಮೇಲೆ ಪುಕ್ಕ ಇದೆ. ತೇವ ತಡೆಯೋಕೆ ಏನೂ ಇಲ್ಲ."

ಅವರು ಹೇಳಿದ್ದು ಆ ಕ್ಷಣದಲ್ಲಿ ಪೂರ್ತಿ ತಲೆಗೆ ಹೋಗಲಿಲ್ಲ. ಈಗ ಅರ್ಥವಾಗಿದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ, ನಮಗಿಂತ ಜಾಸ್ತಿ. ಪುಕ್ಕ ಉಬ್ಬಿಸಿದಾಗ ಅದರೊಳಗೆ ಗಾಳಿ ಸಿಕ್ಕಿಕೊಂಡು ಮೈ ಬಿಸಿಯನ್ನು ಹಿಡಿದಿಡುತ್ತದೆ. ಆ ಪುಕ್ಕ ಒದ್ದೆಯಾದರೆ ಅಥವಾ ಗಾಳಿ ನೇರವಾಗಿ ಬೀಸಿ ಅದನ್ನು ಬಿಡಿಸಿದರೆ ಬಿಸಿ ಹೊರಟುಹೋಗುತ್ತದೆ. ಈಗ ಮುಚ್ಚಿದ ಗೂಡು ಯೋಚಿಸಿ. ಏಳು ಕೋಳಿ ರಾತ್ರಿಯಿಡೀ ಉಸಿರು ಬಿಡುತ್ತವೆ, ಆ ಉಸಿರಲ್ಲಿ ನೀರಿನಾವಿ. ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ. ಆ ಆವಿ ಹೊರಗೆ ಹೋಗಲು ದಾರಿ ಇಲ್ಲ. ತಣ್ಣನೆಯ ಗೋಡೆಗೆ, ಗಾಜಿಗೆ, ಜುಟ್ಟಿಗೆ ಹೋಗಿ ಕೂರುತ್ತದೆ. ಪುಕ್ಕವಿಲ್ಲದ ಜುಟ್ಟು, ಗಲ್ಲದ ಜೋಲು, ಕಾಲ್ಬೆರಳು ಒದ್ದೆಯಾಗಿದ್ದು ಹೆಪ್ಪುಗಟ್ಟುತ್ತವೆ. ಇದೇ ಫ್ರಾಸ್ಟ್‌ಬೈಟ್. ಒಣಗಾಳಿ ಇರುವ ಗೂಡಿನಲ್ಲಿ ಇನ್ನೂ ಜಾಸ್ತಿ ಚಳಿಯನ್ನೂ ಅವು ತಡೆದುಕೊಳ್ಳುತ್ತವೆ. ಮೇಲೆ ಹಿಕ್ಕೆಯಿಂದ ಏಳುವ ಅಮೋನಿಯಾ ಬೇರೆ. ಅದು ಕಣ್ಣು, ಶ್ವಾಸನಾಳ ಎರಡನ್ನೂ ಕೆಡಿಸುತ್ತದೆ. ನಿಮ್ಮ ಮೂಗಿಗೆ ಘಾಟು ತಿಳಿಯಿತು ಅಂದರೆ ಕೋಳಿಗಳಿಗೆ ಆಗಲೇ ಜಾಸ್ತಿಯಾಗಿದೆ ಅಂತಲೇ ತಿಳಿಯಿರಿ.

ಅವತ್ತೇ ಮಧ್ಯಾಹ್ನ ಟಾರ್ಪಾಲು ಬಿಚ್ಚಿದೆವು. ಸೂರಿನ ಕೆಳಗೆ ಎರಡೂ ಬದಿಯ ಕಿಂಡಿಗಳನ್ನು ಮತ್ತೆ ತೆರೆದು, ಮೊದಲಿಗಿಂತ ಉದ್ದ ಮಾಡಿ, 12 ಮಿಲಿಮೀಟರ್ ಕಣ್ಣಿನ ಗಟ್ಟಿ ಜಾಲರಿ ಹೊಡೆದೆವು. ಕೋಳಿ ಹಿಡಿಯುವ ಪ್ರಾಣಿಗಳು ಚಳಿಗಾಲದಲ್ಲಿ ಹಸಿದಿರುತ್ತವೆ, ತೆಳು ಜಾಲರಿ ಸಾಲದು. ಒಳಗೆ ಹಿಮ ತೂರದ ಹಾಗೆ ಹೊರಗಡೆ ಇಳಿಜಾರು ಹಲಗೆ ಕೊಟ್ಟೆವು. ಕಿಂಡಿ ಎಲ್ಲಿರಬೇಕು ಅನ್ನುವುದು ಇಲ್ಲಿ ಮುಖ್ಯ. ಕೋಳಿಗಳು ಕೂತಾಗ ಅವುಗಳ ತಲೆಗಿಂತ ಸಾಕಷ್ಟು ಮೇಲಿರಬೇಕು. ಬಿಸಿಯಾದ ತೇವದ ಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತದೆ, ಕೂತ ಕೋಳಿಯ ಮೈಗೆ ಗಾಳಿ ಬಡಿಯುವುದಿಲ್ಲ. ದೊಡ್ಡಪ್ಪ ಒಂದು ಸುಲಭದ ಪರೀಕ್ಷೆ ಹೇಳಿಕೊಟ್ಟರು. ಟಿಶ್ಯೂ ಪೇಪರಿನ ಎರಡು ತೆಳು ಪಟ್ಟಿ ಕತ್ತರಿಸಿ ಒಂದನ್ನು ಕಿಂಡಿಯ ಹತ್ತಿರ, ಇನ್ನೊಂದನ್ನು ಕೂರುವ ಕೋಲಿಗೆ ಅಂಟಿಸಿ. ಗಾಳಿಯ ದಿನ ನೋಡಿ. ಮೇಲಿನದು ಅಲುಗಾಡಬೇಕು, ಕೋಲಿನದು ಸುಮ್ನೆ ನೇತಾಡುತ್ತಿರಬೇಕು. ನಮ್ಮ ಕೋಲಿನ ಪಟ್ಟಿಯೂ ಅಲುಗಾಡಿತು. ಹುಡುಕಿದರೆ ಮೊಟ್ಟೆ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಅಂಥ ಕೆಳಗಿನ ಸಂದು ಮುಚ್ಚಬೇಕು, ಮೇಲಿನದು ತೆರೆದಿರಬೇಕು. ನಾನು ಎರಡಕ್ಕೂ ವ್ಯತ್ಯಾಸ ತಿಳಿಯದೆ ಎಲ್ಲವನ್ನೂ ಮುಚ್ಚಿದ್ದೆ.

ಸರದಾರನನ್ನು ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಕೋಳಿ ನೋಡುವ ವೈದ್ಯರನ್ನು ಹುಡುಕುವುದೇ ಒಂದು ಕೆಲಸವಾಯಿತು. ಮೊದಲು ಫೋನ್ ಮಾಡಿದ ಎರಡು ಕಡೆ ನಾಯಿ ಬೆಕ್ಕು ಮಾತ್ರ ಅಂದರು. ಮೂರನೆಯ ಕಡೆ ಸಮಯ ಸಿಕ್ಕಿದ್ದು ಎರಡು ದಿನ ಬಿಟ್ಟು. ನಿಮ್ಮ ಕೋಳಿಗಳು ಆರೋಗ್ಯವಾಗಿರುವಾಗಲೇ ಅಂಥ ಒಬ್ಬರ ನಂಬರ್ ಬರೆದಿಟ್ಟುಕೊಳ್ಳಿ. ಕಾಯುವ ಆ ಎರಡು ದಿನ ನಾನು ಜುಟ್ಟಿಗೆ ಬಿಸಿ ಬಟ್ಟೆ ಒತ್ತಿ ತಿಕ್ಕಲು ಹೋಗಿದ್ದೆ. ಮನೆಯವರು ತಡೆದರು, ಅದು ಒಳ್ಳೆಯದೇ ಆಯಿತು. ತಿಕ್ಕಬಾರದು, ಹೇರ್ ಡ್ರೈಯರ್ ಹಿಡಿಯಬಾರದು, ಕಪ್ಪು ಚರ್ಮ ಕಿತ್ತು ತೆಗೆಯಬಾರದು ಅಂತ ವೈದ್ಯರು ಹೇಳಿದರು. ಆ ಕಪ್ಪು ತುದಿ ಕೆಳಗಿನ ಜೀವಂತ ಚರ್ಮವನ್ನು ಕಾಪಾಡುತ್ತಿರುತ್ತದೆ, ಒಣಗಿ ತಾನಾಗಿ ಬೀಳುತ್ತದೆ. ಬೆಚ್ಚಗಾದ ಜುಟ್ಟು ಮತ್ತೆ ಹೆಪ್ಪುಗಟ್ಟಿದರೆ ಮೊದಲಿಗಿಂತ ಕೆಟ್ಟ ಗಾಯವಾಗುತ್ತದೆ. ಅದಕ್ಕೇ ಅವನನ್ನು ಸ್ವಲ್ಪ ದಿನ ಮನೆಯ ಸಾಮಾನಿನ ಕೋಣೆಯಲ್ಲಿ, ಬೆಚ್ಚಗೂ ಅಲ್ಲದ ಕೊರೆಯುವಂತೆಯೂ ಇಲ್ಲದ ಕಡೆ ಇಡಲು ಹೇಳಿದರು. ನೋವಿಗೆ ಔಷಧ ಕೊಟ್ಟರು. ಹೇಂಟೆಗೆ ಔಷಧ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಕೇಳಿಕೊಳ್ಳಿ, ಮರೆಯಬೇಡಿ.

ಹನ್ನೆರಡು ದಿನ ಅವನು ಮನೆಯೊಳಗಿದ್ದ. ಮೊದಲ ನಾಲ್ಕು ದಿನ ಸರಿಯಾಗಿ ತಿನ್ನಲಿಲ್ಲ. ಪ್ರತಿ ರಾತ್ರಿ ಹತ್ತಿರ ಕೂತು ಕೈಯಿಂದ ಒಂದೊಂದೇ ಕಾಳು ತಿನ್ನಿಸಿದೆ. ನನ್ನ ಕೈಯಿಂದಲೇ ಆದ ಗಾಯಕ್ಕೆ ಅವನು ನನ್ನ ಕೈಯಿಂದಲೇ ತಿನ್ನುತ್ತಿದ್ದಾನಲ್ಲ ಅಂತ ಅಳು ಬಂತು. ಎಂಟನೆಯ ದಿನ ಬೆಳಗಿನ ಜಾವ ಕೋಣೆಯಿಂದ ಕೂಗು ಕೇಳಿಸಿತು. ಮನೆಯವರೆಲ್ಲ ಎದ್ದು ಬಂದರು. ವಾಪಸ್ ಬಿಡುವಾಗ ನೇರವಾಗಿ ಗುಂಪಿಗೆ ಬಿಡಲಿಲ್ಲ. ಎರಡು ದಿನ ಹಗಲು ಜಾಲರಿಯ ಆಚೆ ಇಟ್ಟು ಒಬ್ಬರನ್ನೊಬ್ಬರು ನೋಡಲು ಬಿಟ್ಟೆ. ಗುಂಪಿನಿಂದ ದೂರವಿದ್ದ ಕೋಳಿಯನ್ನು ಉಳಿದವು ಹೊಸಬನಂತೆ ಕುಕ್ಕುತ್ತವೆ. ಗಾಯದ ಜುಟ್ಟಿನ ಮೇಲೆ ಕುಕ್ಕಿದರೆ ರಕ್ತ ಬರುತ್ತದೆ, ರಕ್ತ ಕಂಡರೆ ಮತ್ತಷ್ಟು ಕುಕ್ಕುತ್ತವೆ.

ಅದೇ ಚಳಿಯಲ್ಲಿ ಅದೇ ಗೂಡಿನಲ್ಲಿದ್ದ ಚುಕ್ಕಿಗೆ, ರಾಣಿಗೆ ಏನೂ ಆಗಿರಲಿಲ್ಲ. ವಯಾಂಡಾಟ್‌ನ ಜುಟ್ಟು ತಲೆಗೆ ಅಂಟಿಕೊಂಡಂತೆ ಚಪ್ಪಟೆ. ಬ್ರಹ್ಮದ್ದು ತುಂಬ ಚಿಕ್ಕದು. ಲೆಗ್‌ಹಾರ್ನ್‌ನ ಜುಟ್ಟು ಎತ್ತರ, ತೆಳು, ಚಳಿ ಮೊದಲು ಹಿಡಿಯುವುದು ಅದನ್ನೇ. ಹೇಂಟೆಗಳು ರಾತ್ರಿ ತಲೆಯನ್ನು ರೆಕ್ಕೆಯೊಳಗೆ ಹುದುಗಿಸುತ್ತವೆ, ಹುಂಜ ಅಷ್ಟಾಗಿ ಹುದುಗಿಸುವುದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿ 20ನೆಯ ಶತಮಾನದ ಆರಂಭದಲ್ಲಿ ಇದಕ್ಕಾಗಿಯೇ ಶಾಂಟೆಕ್ಲೇರ್ ಎಂಬ ತಳಿ ಬೆಳೆಸಿದರು. ಅದಕ್ಕೆ ಜುಟ್ಟೂ ಜೋಲೂ ಇಲ್ಲವೇನೋ ಅನ್ನುವಷ್ಟು ಚಿಕ್ಕವು. ಇನ್ನೂ ಕೋಳಿ ತಂದಿಲ್ಲದವರು ಬಣ್ಣ ನೋಡಿ ಆರಿಸುವ ಮೊದಲು ಜುಟ್ಟು ನೋಡಿ. ಸಿಲ್ಕಿ ತಳಿಯ ಮೆತ್ತನೆ ಪುಕ್ಕ ನೋಡಲು ಚಂದ, ಆದರೆ ನೀರು ಅದರ ಮೇಲೆ ಜಾರುವುದಿಲ್ಲ, ಬೇಗ ಒದ್ದೆಯಾಗುತ್ತದೆ.

ಕೂರುವ ಕೋಲನ್ನೂ ಆಗಲೇ ಬದಲಿಸಿದೆ. ಮೊದಲು ದುಂಡನೆಯ ತೆಳು ಕೋಲಿತ್ತು. ಅದನ್ನು ಹಿಡಿದು ಕೂತಾಗ ಬೆರಳುಗಳು ಹೊರಗೇ ಉಳಿಯುತ್ತಿದ್ದವು. ಈಗ ಸುಮಾರು 9 ಸೆಂಟಿಮೀಟರ್ ಅಗಲದ ಮರದ ಪಟ್ಟಿಯನ್ನು ಚಪ್ಪಟೆ ಮುಖ ಮೇಲೆ ಬರುವಂತೆ ಇಟ್ಟಿದ್ದೇನೆ, ಅಂಚುಗಳನ್ನು ಉಜ್ಜಿ ನುಣುಪು ಮಾಡಿದ್ದೇನೆ. ಪಾದ ಪೂರ್ತಿ ಪಟ್ಟಿಯ ಮೇಲೆ ಕೂರುತ್ತದೆ, ಎದೆಯ ಪುಕ್ಕ ಅದನ್ನು ಹೊದಿಕೆಯಂತೆ ಮುಚ್ಚುತ್ತದೆ. ಒಂದು ಕೋಳಿಗೆ 25 ಸೆಂಟಿಮೀಟರ್ ಜಾಗ ಸಾಕು, ಅವು ಹೇಗೂ ಒತ್ತಿಕೊಂಡೇ ಕೂರುತ್ತವೆ. ಪಟ್ಟಿಯ ಕೆಳಗೆ ಒಂದು ಹಲಗೆ ಇಟ್ಟೆ. ರಾತ್ರಿಯ ಹಿಕ್ಕೆ ಅದರ ಮೇಲೆ ಬೀಳುತ್ತದೆ, ಬೆಳಿಗ್ಗೆ ಕೆರೆದು ಬಕೆಟ್ಟಿಗೆ ಹಾಕಿದರೆ ಅಷ್ಟು ತೇವ ಗೂಡಿನಿಂದ ಹೊರಗೆ ಹೋದ ಹಾಗೆ. ಐದು ನಿಮಿಷದ ಕೆಲಸ. ನನ್ನ ಇಡೀ ಚಳಿಗಾಲದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಉಪಯೋಗವಾದದ್ದು ಇನ್ನೊಂದಿಲ್ಲ.

ನೆಲಕ್ಕೆ 20 ಸೆಂಟಿಮೀಟರ್ ದಪ್ಪ ಮರದ ಹೊಟ್ಟು ಹಾಸಿದೆ. ಭತ್ತದ ಹೊಟ್ಟು, ಕತ್ತರಿಸಿದ ಒಣಹುಲ್ಲು ಕೂಡ ಆಗುತ್ತದೆ. ಇದನ್ನು ಚಳಿಗಾಲದುದ್ದಕ್ಕೂ ತೆಗೆಯುವುದಿಲ್ಲ, ಮೇಲೆ ಮೇಲೆ ಒಣದ್ದು ಸೇರಿಸುತ್ತಾ ಹೋಗುವುದು. ಕೆಳಗೆ ನಿಧಾನಕ್ಕೆ ಗೊಬ್ಬರವಾಗುತ್ತಾ ಸ್ವಲ್ಪ ಬಿಸಿಯೂ ಹುಟ್ಟುತ್ತದೆ. ಗಟ್ಟಿಯಾಗಿ ಹೆಂಟೆ ಕಟ್ಟದಂತೆ ಕೆದಕುತ್ತಿರಬೇಕು. ಸಂಜೆ ಒಂದು ಹಿಡಿ ಮೆಕ್ಕೆಜೋಳದ ನುಚ್ಚು ಅದರ ಮೇಲೆ ಎರಚಿದರೆ ಆ ಕೆಲಸ ಕೋಳಿಗಳೇ ಮಾಡುತ್ತವೆ. ಹಾಸು ಸರಿಯಿದೆಯೇ ಅಂತ ನೋಡಲು ಒಂದು ಮುಷ್ಟಿ ಹಿಡಿದು ಹಿಸುಕಿ. ಉಂಡೆ ಕಟ್ಟಿದರೆ ತೇವ ಜಾಸ್ತಿ.

ತೇವ ಅಳೆಯುವ ಒಂದು ಚಿಕ್ಕ ಮೀಟರ್ ತಂದು ಕೋಲಿನ ಹತ್ತಿರ ನೇತುಹಾಕಿದ್ದೆ. ಪ್ರತಿ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಒಳಗಿನ ಬಿಸಿ, ಹೊರಗಿನ ಬಿಸಿ, ತೇವ, ಮೊಟ್ಟೆ, ಮೇವು ಬರೆದಿಟ್ಟೆ. ಕಿಂಡಿ ತೆರೆಯುವ ಹಿಂದಿನ ದಿನ ಗಾಳಿಯ ತೇವ ಶೇ 93. ತೆರೆದ ನಾಲ್ಕನೆಯ ದಿನ 68. ಒಳಗಿನ ಬಿಸಿ ಇಳಿದದ್ದು ಬರೀ ಎರಡು ಡಿಗ್ರಿ. ಆ ಪುಟ ನೋಡಿದಾಗ ನಾನು ಎಷ್ಟು ಚಿಕ್ಕ ಲಾಭಕ್ಕೆ ಎಷ್ಟು ಕಳೆದಿದ್ದೆ ಅಂತ ಗೊತ್ತಾಯಿತು. ಗಾಜಿನ ಮೇಲಿನ ಹಿಮ ಆಮೇಲೆ ಬರಲೇ ಇಲ್ಲ.

ನೀರಿನದು ಪ್ರತಿದಿನದ ಗೋಳು. ಕೋಳಿ ದಿನಕ್ಕೆ ಕಾಲು ಲೀಟರಿನಿಂದ ಅರ್ಧ ಲೀಟರ್ ನೀರು ಕುಡಿಯುತ್ತದೆ. ನೀರು ಸಿಗದಿದ್ದರೆ ಮೇವು ತಿನ್ನುವುದೂ ಬಿಡುತ್ತದೆ, ತಿನ್ನದಿದ್ದರೆ ಮೈ ಬಿಸಿ ಎಲ್ಲಿಂದ ಬರಬೇಕು? ಹಿಮ ಇದ್ದರೆ ಅದನ್ನೇ ಕುಕ್ಕುತ್ತವೆ, ಆದರೆ ಅದನ್ನು ನಂಬಿ ಕೂರಬಾರದು. ಮೊದಲು ಎರಡು ರಬ್ಬರ್ ಬಾನಿ ಇಟ್ಟುಕೊಂಡು ಒಂದು ಗಟ್ಟಿಯಾದಾಗ ಇನ್ನೊಂದು ಇಡುತ್ತಿದ್ದೆ. ರಬ್ಬರ್ ಬಾನಿ ಬೋರಲು ಹಾಕಿ ತುಳಿದರೆ ಮಂಜುಗಡ್ಡೆ ಬಿದ್ದುಹೋಗುತ್ತದೆ, ಪ್ಲಾಸ್ಟಿಕ್ ಆದರೆ ಸೀಳುತ್ತದೆ. ದಿನಕ್ಕೆ ನಾಲ್ಕು ಸಲ ಓಡಾಟ. ಒಂದು ದಿನ ಗಮನಿಸಿದೆ, ಅಗಲ ಬಾನಿಯಲ್ಲಿ ಬೆಳ್ಳಿ ಕುಡಿಯುವಾಗ ಅವಳ ಗಲ್ಲದ ಜೋಲು ನೀರಿಗೆ ಅದ್ದುತ್ತಿತ್ತು. ಒದ್ದೆ ಜೋಲು, ಮೈನಸ್ ಚಳಿ. ಸರದಾರನ ಜೋಲಿನ ತುದಿ ಕಪ್ಪಾಗಲು ಇದೂ ಕಾರಣವಿರಬೇಕು. ಕಿರಿದಾದ ಬಾಯಿಯ ನೀರಿನ ಡಬ್ಬಿ ತಂದು ಅದರ ಕೆಳಗೆ ಕೋಳಿಗೆಂದೇ ಬರುವ ಬಿಸಿ ತಟ್ಟೆ ಇಟ್ಟೆ. ವೈರು ಎಳೆಯಲು ಎಲೆಕ್ಟ್ರಿಷಿಯನ್ ಅವರನ್ನು ಕರೆದೆ, ನೀರಿನ ಹತ್ತಿರ ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ ಹಾಕಿಸಿದೆ. ಆ ಖರ್ಚಿಗೆ ಹಿಂಜರಿಯಬೇಡಿ. ನೀರನ್ನು ಚಪ್ಪರದಲ್ಲಿಡಿ, ಗೂಡಿನೊಳಗೆ ಬೇಡ. ಕತ್ತಲಲ್ಲಿ ಕೋಳಿ ನೀರು ಕುಡಿಯುವುದಿಲ್ಲ. ಬೆಳಕಾಗುವ ಹೊತ್ತಿಗೆ ಬಾಗಿಲು ತೆರೆದರೆ ಸಾಕು.

ಮೇವು ದಿನಕ್ಕೆ ಕೋಳಿಗೆ ಸುಮಾರು 110 ಗ್ರಾಂ ಇದ್ದದ್ದು ಗಟ್ಟಿ ಚಳಿಯಲ್ಲಿ 150 ದಾಟಿತು. ಅವು ಕೇಳಿದಷ್ಟೂ ಹಾಕಿದೆ. ಮೆಕ್ಕೆಜೋಳ ಮಾತ್ರ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕೊಡಲಿಲ್ಲ, ಅದರಲ್ಲಿ ಪ್ರೋಟೀನ್ ಕಡಿಮೆ. ಮಲಗುವ ಮುಂಚೆ ಎದೆಯ ಮೇಲಿನ ಮೇವಿನ ಚೀಲ ಮುಟ್ಟಿ ನೋಡುತ್ತಿದ್ದೆ. ತುಂಬಿರಬೇಕು. ರಾತ್ರಿಯಿಡೀ ಅದು ಅರಗುತ್ತಾ ಮೈ ಬೆಚ್ಚಗಿಡುತ್ತದೆ. ಇನ್ನೊಂದು ಸಣ್ಣ ವಿಷಯ ನನಗೆ ತಡವಾಗಿ ಹೊಳೆಯಿತು. ಹಲ್ಲಿಲ್ಲದ ಕೋಳಿ ಕಾಳು ಅರೆಯಲು ಸಣ್ಣ ಕಲ್ಲು ನುಂಗುತ್ತದೆ. ನೆಲವೆಲ್ಲ ಹಿಮವಾದರೆ ಆ ಕಲ್ಲು ಎಲ್ಲಿ ಸಿಗಬೇಕು? ಒಂದು ಬಟ್ಟಲಲ್ಲಿ ಒರಟು ಮರಳುಕಲ್ಲು, ಇನ್ನೊಂದರಲ್ಲಿ ಕಪ್ಪೆಚಿಪ್ಪಿನ ಪುಡಿ ಬೇರೆ ಬೇರೆಯಾಗಿ ಇಟ್ಟೆ.

ಮೊಟ್ಟೆ ಕಡಿಮೆಯಾಗುತ್ತಾ ಬಂದು ನಡು ಚಳಿಗಾಲದಲ್ಲಿ ಪೂರ್ತಿ ನಿಂತಿತು. ಅದು ಚಳಿಯಿಂದಲ್ಲ, ಬೆಳಕು ಕಡಿಮೆಯಾದದ್ದರಿಂದ. ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಗೂಡಿನಲ್ಲಿ ಲೈಟ್ ಹಾಕಿದರೆ ಇಡುತ್ತವೆ. ನಾನು ಹಾಕಲಿಲ್ಲ. ಪುಕ್ಕ ಬೆಳೆಸಿ, ಚಳಿ ತಡೆದು, ಮೇಲೆ ಮೊಟ್ಟೆಯನ್ನೂ ಕೊಡು ಅನ್ನಲು ನನಗೆ ಮನಸ್ಸು ಬರಲಿಲ್ಲ. ಹಾಕುವವರು ಬೆಳಗಿನ ಜಾವ ಹೊತ್ತುವಂತೆ ಟೈಮರ್ ಇಡಿ. ಸಂಜೆ ಹಾಕಿ ತಟ್ಟನೆ ಆರಿಸಿದರೆ ಕೋಲು ಹತ್ತಲಾಗದೆ ಕತ್ತಲಲ್ಲಿ ಒದ್ದಾಡುತ್ತವೆ.

ಒಬ್ಬರು ಪ್ರೀತಿಯಿಂದ ಕೋಳಿಗಳಿಗೆ ಉಣ್ಣೆಯ ಅಂಗಿ ಹೆಣೆದು ತಂದರು. ರಾಣಿಗೆ ಒಂದು ಗಂಟೆ ತೊಡಿಸಿದೆ. ಪುಕ್ಕ ಉಬ್ಬಿಸಲು ಆಗದೆ ಒದ್ದಾಡಿದಳು. ತೆಗೆದು, ಕಾರಣ ಹೇಳಿ ವಾಪಸ್ ಕೊಟ್ಟೆ. ಅಂಗಿ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಅದರೊಳಗೆ ಹೇನು ಸೇರುತ್ತದೆ. ಹೇನು ಅಂದಾಗ ನೆನಪಾಯಿತು. ಚಳಿಗೆ ಹೇನೆಲ್ಲ ಸಾಯುತ್ತದೆ ಅಂದುಕೊಂಡಿದ್ದೆ. ಆದರೆ ಕೋಳಿಯ ಮೈಮೇಲೇ ಬದುಕುವ ಒಂದು ಜಾತಿಯ ನುಸಿ ಚಳಿಗಾಲದಲ್ಲೇ ಜಾಸ್ತಿ. ಒಂದು ರಾತ್ರಿ ಟಾರ್ಚ್ ಹಿಡಿದು ಕೆಂಪಿಯ ಬಾಲದ ಕೆಳಗೆ ಪುಕ್ಕ ಬಿಡಿಸಿ ನೋಡಿದರೆ ಕರಿ ಚುಕ್ಕೆಗಳು ಹರಿದಾಡುತ್ತಿದ್ದವು. ವೈದ್ಯರು ಕೊಟ್ಟ ಔಷಧ ಎಲ್ಲ ಏಳಕ್ಕೂ ಹಾಕಿದೆ, ಅವರು ಹೇಳಿದ ದಿನಕ್ಕೆ ಇನ್ನೊಮ್ಮೆ ಹಾಕಿದೆ. ಅವು ಹೊರಳಾಡಿ ಮೈ ಕೊಡವಿಕೊಳ್ಳಲಿ ಅಂತ ಚಪ್ಪರದ ಮೂಲೆಯಲ್ಲಿ ದೊಡ್ಡ ಬಾನಿಗೆ ಒಣ ಮಣ್ಣು, ಮರಳು, ಸೌದೆಯ ಬೂದಿ ಬೆರೆಸಿ ತುಂಬಿದೆ. ಅದನ್ನು ಇಟ್ಟ ದಿನ ಅವು ಸರದಿ ಕಾದು ಹೊರಳಾಡಿದ್ದನ್ನು ನೋಡಬೇಕಿತ್ತು.

ಎಲ್ಲಕ್ಕಿಂತ ಕೆಟ್ಟ ರಾತ್ರಿ ಬಂದದ್ದು ಆಮೇಲೆ. ಹಿಮಗಾಳಿ ಬೀಸಿ ಕರೆಂಟ್ ಹೋಯಿತು. ಹೊರಗೆ ಮೈನಸ್ 18. ಮೂರು ಸಲ ಎದ್ದು ಟಾರ್ಚ್ ಹಿಡಿದು ಹೋದೆ. ಮೂರು ಸಲವೂ ಒಂದೇ ನೋಟ. ಏಳೂ ಪಟ್ಟಿಯ ಮೇಲೆ ಒತ್ತಾಗಿ, ಉಂಡೆಯಂತೆ ಉಬ್ಬಿಕೊಂಡು ಕೂತಿದ್ದವು. ಬೆಳ್ಳಿಯ ಪುಕ್ಕದೊಳಗೆ ಬೆರಳು ತೂರಿಸಿದೆ. ಒಲೆಯ ಹತ್ತಿರ ಕೈ ಹಿಡಿದಷ್ಟು ಬೆಚ್ಚಗಿತ್ತು. ಶಾಖದ ಬಲ್ಬಿಗೆ ಅಭ್ಯಾಸ ಮಾಡಿಸಿದ್ದರೆ ಅವತ್ತು ಒಮ್ಮೆಲೇ ಆ ಚಳಿಗೆ ಬೀಳುತ್ತಿದ್ದವು. ಬೆಳಿಗ್ಗೆ ಜುಟ್ಟುಗಳನ್ನು ಒಂದೊಂದಾಗಿ ನೋಡಿದೆ. ಎಲ್ಲ ಕೆಂಪಗಿದ್ದವು. ಮೀಟರಿನಲ್ಲಿ ತೇವ 65 ತೋರಿಸುತ್ತಿತ್ತು. ಕೆಳಗೆ ಕೂತು ಸಮಾಧಾನವಾಗುವಷ್ಟು ಅತ್ತೆ.

ಹಿಮದ ಮೇಲೆ ಕಾಲಿಡಲು ಅವು ಒಪ್ಪಲಿಲ್ಲ. ಚಪ್ಪರದಿಂದ ಬೇಲಿಯವರೆಗೆ ಒಣಹುಲ್ಲು ಹಾಸಿ ದಾರಿ ಮಾಡಿದ ಮೇಲೆ ಸಾಲಾಗಿ ಹೊರಟವು. ಒಳಗೇ ಇದ್ದ ದಿನಗಳಲ್ಲಿ ಒಂದು ಎಲೆಕೋಸನ್ನು ಹಗ್ಗಕ್ಕೆ ಕಟ್ಟಿ ನೇತುಹಾಕಿದರೆ ಅರ್ಧ ದಿನ ಅದರ ಜೊತೆಗೇ ಕಳೆಯುತ್ತಿದ್ದವು, ಒಂದನ್ನೊಂದು ಕುಕ್ಕುವುದು ನಿಂತಿತು.

ಈಗ ಹಿಮ ಕರಗುತ್ತಿದೆ. ಹಗಲು ಕೆಸರು, ರಾತ್ರಿ ಮತ್ತೆ ಗಟ್ಟಿ. ಈ ಹೊತ್ತಿನಲ್ಲಿ ಕಾಲಿನ ಪುಕ್ಕದವುಗಳನ್ನು ನೋಡಿಕೊಳ್ಳಬೇಕು. ರಾಣಿಯ ಕಾಲಿಗೆ ಅಂಟಿದ ಕೆಸರು ಉಂಡೆ ಕಟ್ಟಿತ್ತು, ಸಂಜೆ ಬೆಚ್ಚನೆಯ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿಯೇ ಒಳಗೆ ಬಿಡುತ್ತಿದ್ದೇನೆ. ಸರದಾರನ ಜುಟ್ಟಿನ ಕಪ್ಪು ತುದಿಗಳು ಆರನೆಯ ವಾರಕ್ಕೆ ಉದುರಿದವು. ಐದು ಮುಳ್ಳಿನ ಜುಟ್ಟು ಈಗ ಮೊಂಡಾಗಿದೆ, ಗಾಯ ಪೂರ್ತಿ ಒಣಗಿದೆ. ಮುಂದಿನ ವಾರ ಹಾಸನ್ನೆಲ್ಲ ತೆಗೆದು ಗೊಬ್ಬರದ ಗುಂಡಿಗೆ ಹಾಕಬೇಕು, ದೊಡ್ಡಪ್ಪ ಸಲಿಕೆ ತರುತ್ತೇನೆ ಅಂದಿದ್ದಾರೆ. ಇದನ್ನು ಬರೆಯುತ್ತಿರುವಾಗ ಚಪ್ಪರದ ಕಡೆಯಿಂದ ಚುಕ್ಕಿ ಕೂಗುತ್ತಿದ್ದಾಳೆ. ಮೊಟ್ಟೆ ಇಟ್ಟ ಮೇಲಿನ ಕೂಗು ಅದು. ಹೋಗಿ ನೋಡಬೇಕು.